ಆಚೆ ಮನೆ, ಈಚೆ ಮನೆ

ಮರಿಯ ಮಾತೆಯ ಮೂರ್ತಿಯನ್ನು ಕಾರಿನಲ್ಲಿ ಒಯ್ಯಲು ಒಂದು ಕ್ರಮವಿದೆ. ಮೊದಲು ಕಿರೀಟ ತೆಗೆದು ಬೇರೆ ಡಬ್ಬಿಯಲ್ಲಿಡಬೇಕು. ಜೋಡಿಸಿದ ಕೈಗಳ ಬೆರಳ ತುದಿಗೆ ಹತ್ತಿ ಸುತ್ತಬೇಕು. ಪ್ಲಾಸ್ಟರಿನ ಮೂರ್ತಿ ಮೊದಲು ಮುಕ್ಕಾಗುವುದು ಅಲ್ಲೇ. ಆಮೇಲೆ ಒಂದು ದಪ್ಪ ಟವೆಲ್, ಅದರ ಮೇಲೆ ಬಟ್ಟೆಯ ಚೀಲ. ಡಿಕ್ಕಿಯಲ್ಲಿ ಇಡುವಂತಿಲ್ಲ. ಮನೆಯ ಹೆಂಗಸು ಹಿಂದಿನ ಸೀಟಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತು, ತನಗೂ ಮೂರ್ತಿಗೂ ಸೇರಿಸಿ ಬೆಲ್ಟ್ ಹಾಕಿಕೊಳ್ಳಬೇಕು. ದೋಹಾದಲ್ಲಿ ಅಕ್ಟೋಬರಿನಲ್ಲೂ ನಿಲ್ಲಿಸಿದ ಕಾರು ಒಲೆಯ ಹಾಗೆ ಕಾದಿರುತ್ತದೆ. ಏಸಿ ಹಾಕಿ ಒಳಗೆ ತಣ್ಣಗಾದ ಮೇಲೆಯೇ ಮೂರ್ತಿಯನ್ನು ಮನೆಯಿಂದ ಕೆಳಗಿಳಿಸಬೇಕು.

ದೋಹಾದ ಅಲ್ ಥುಮಾಮಾ ಬಡಾವಣೆಯ ನಮ್ಮ ಪ್ರಾರ್ಥನಾ ಬಳಗದಲ್ಲಿ ಈ ಕೆಲಸದ ಉಸ್ತುವಾರಿ ನನ್ನದು. ಹಿಂದೆ ನೋಡಿಕೊಳ್ಳುತ್ತಿದ್ದವರು ಕಾಯಂ ಆಗಿ ಮಂಗಳೂರಿಗೆ ಹೊರಟಾಗ ಚೀಲವನ್ನು ನನ್ನ ಕೈಗಿಟ್ಟು ಹೋದರು. ನಾನು ಹೊರಗೆ ದುಡಿಯುವವಳಲ್ಲ, ಆದ್ದರಿಂದ ಪುರುಸೊತ್ತಿನವಳು ಎಂದು ಎಲ್ಲರ ಲೆಕ್ಕ. ಬಳಗದವರು ಬಹುಪಾಲು ಮಂಗಳೂರು, ಉಡುಪಿ ಕಡೆಯವರು. ಮನೆಯೊಳಗೆ ಕೊಂಕಣಿ, ಹೊರಗೆ ಇಂಗ್ಲಿಷ್, ಅವಸರಕ್ಕೆ ಕನ್ನಡ, ಸಿಟ್ಟಿಗೆ ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಕ್ಟೋಬರ್ ನಮಗೆ ಜಪಸರದ ತಿಂಗಳು, ಮಣಿ ಎಣಿಸಿ ಮರಿಯ ಮಾತೆಗೆ ಪ್ರಾರ್ಥಿಸುವ ತಿಂಗಳು. ತಿಂಗಳಿಡೀ ಮೂರ್ತಿ ಮನೆಯಿಂದ ಮನೆಗೆ ಹೋಗುತ್ತದೆ. ಮೂರ್ತಿ ಎಲ್ಲಿದೆಯೋ ಆ ಸಂಜೆಯ ಜಪಸರ ಅಲ್ಲಿ. ಬಂದವರಿಗೆ ಊಟ ಆ ಮನೆಯವರದು. ಮಾರನೆಯ ಸಂಜೆ ಅವರೇ ಮೂರ್ತಿಯನ್ನು ಮುಂದಿನ ಮನೆಗೆ ಮುಟ್ಟಿಸಿ, ಅಲ್ಲಿ ಕೂತು ಜಪಸರ ಹೇಳಿ, ಅಲ್ಲೇ ಉಂಡು ಬರಬೇಕು. ಮಿಕ್ಕವರು ಬಂದರೂ ಸರಿ, ಬಾರದಿದ್ದರೂ ಸರಿ. ತಂದುಕೊಡುವ ಮನೆಯವರು ಮಾತ್ರ ತಪ್ಪಿಸುವಂತಿಲ್ಲ. ಹೀಗೆ ಪ್ರತಿಯೊಂದು ಮನೆಗೂ ಒಂದು ಆಚೆ ಮನೆ, ಒಂದು ಈಚೆ ಮನೆ. ಒಬ್ಬರು ನಿಮ್ಮ ಬಾಗಿಲಿಗೆ ಬರುತ್ತಾರೆ. ಇನ್ನೊಬ್ಬರ ಬಾಗಿಲಿಗೆ ನೀವು ಹೋಗುತ್ತೀರಿ.

ನಾನು ಹೇಳಹೊರಟಿರುವುದು ನಮ್ಮ ಚರ್ಚು ವಾಗ್ದಾನ ಮಾಡಿದ ವರ್ಷದ ಅಕ್ಟೋಬರಿನ ಬಗ್ಗೆ.

ಆ ವರ್ಷದ ಶುಭ ಶುಕ್ರವಾರದಂದು ಚರ್ಚಿನಲ್ಲಿ ಒಂದು ಪ್ರಸಂಗ ನಡೆದಿತ್ತು. ಮುಂದಿನ ಸಾಲಿನ ಬೆಂಚಿನಲ್ಲಿ ಕೀನ್ಯಾದ ಒಂದು ಕುಟುಂಬ ಕೂತಿತ್ತು: ಗಂಡ, ಹೆಂಡತಿ, ಒಬ್ಬಳು ಮಗಳು. ಜನರನ್ನು ಕೂರಿಸುವ ಸ್ವಯಂಸೇವಕರೊಬ್ಬರು ಹೋಗಿ, "ಈ ಬೆಂಚು ರಿಸರ್ವ್ ಆಗಿದೆ" ಎಂದು ಅವರನ್ನು ಎಬ್ಬಿಸಿ ಹಿಂದಕ್ಕೆ ಕಳುಹಿಸಿದರು. ಆಮೇಲೆ ಅಲ್ಲಿ ಬಂದು ಕೂತವರು ನಮ್ಮವರೇ. ಎಬ್ಬಿಸಿದವರೂ ನಮ್ಮವರೇ, ನಮ್ಮ ಬಳಗದ ಹಿರಿಯಕ್ಕನ ಗಂಡ. ಅವರು ಬ್ಯಾಂಕಿನಲ್ಲಿದ್ದಾರೆ, ಎಲ್ಲರಿಗೂ ಬ್ಯಾಂಕ್ ಅಂಕಲ್. ಅಕ್ಕ ಎಂದರೆ ನಮ್ಮಲ್ಲಿ ಅವರೊಬ್ಬರೇ; ಬೇರೆ ಅಕ್ಕಂದಿರಿಗೆಲ್ಲ ಹೆಸರು ಸೇರಿಸಿ ಕರೆಯಬೇಕು.

ಎಬ್ಬಿಸಲ್ಪಟ್ಟ ಹೆಂಗಸು ಒಂದು ಶಾಲೆಯಲ್ಲಿ ಗಣಿತದ ಟೀಚರ್. ಅವರು ಜಗಳವಾಡಲಿಲ್ಲ. ಈಸ್ಟರ್ ಕಳೆದ ಮೇಲೆ ಫಾದರ್ ಬಳಿ ಹೋಗಿ, "ಇದು ಮೊದಲ ಸಲ ಅಲ್ಲ, ನಮಗೆ ಮಾತ್ರ ಆದದ್ದೂ ಅಲ್ಲ" ಎಂದರಂತೆ. ಅಲ್ಲಿಂದ ಸಭೆಗಳು ಶುರುವಾದವು. ನೈಜೀರಿಯಾದವರು, ಉಗಾಂಡಾದವರು, ಶ್ರೀಲಂಕಾದವರು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ನಾನು ಎರಡು ಸಭೆಗಳಿಗೆ ಹೋಗಿದ್ದೆ. ಹಿಂದಿನ ಕುರ್ಚಿಯಲ್ಲಿ ಕೂತು ಕೇಳುವುದಷ್ಟೇ ನನ್ನ ಪಾಲಿನದು. ಕೊನೆಗೆ ಚರ್ಚು ಎಲ್ಲರೆದುರು ವಾಗ್ದಾನ ಮಾಡುವುದೆಂದು ತೀರ್ಮಾನವಾಯಿತು: ಬಣ್ಣ, ಜನಾಂಗ ನೋಡಿ ಯಾರನ್ನೂ ಬೆಂಚಿನಿಂದ ಏಳಿಸುವುದಿಲ್ಲ, ಗಾಯನವೃಂದದಿಂದಾಗಲಿ ಸೇವೆಯಿಂದಾಗಲಿ ದೂರವಿಡುವುದಿಲ್ಲ. ಅದನ್ನು ಓದಲು ಫಾದರ್ ಟೀಚರನ್ನೇ ಕೇಳಿದರು. ಅವರು ಒಪ್ಪಿದರು, ಆದರೆ ಒಂದು ಸಾಲು ಸೇರಿಸಬೇಕು ಎಂದರು.

"ಬೆಂಚು ಚರ್ಚಿನದು, ಕೊಡುವುದು ಸುಲಭ" ಎಂದರು ಸಭೆಯಲ್ಲಿ. "ಮನೆಗಳ ಬಗ್ಗೆಯೂ ಬರೆಯಿರಿ."

ಹಾಗೆ ಆ ಸಾಲು ಸೇರಿತು: ಪ್ರತಿ ಪ್ರದೇಶದ ಪ್ರಾರ್ಥನಾ ಬಳಗವೂ ಕೇಳಿದ ಎಲ್ಲರನ್ನೂ ಸೇರಿಸಿಕೊಳ್ಳುತ್ತದೆ, ಅವರ ಮನೆಗೆ ಹೋಗುತ್ತದೆ, ಅವರನ್ನು ತಮ್ಮ ಮನೆಗೆ ಕರೆಯುತ್ತದೆ. ಅಕ್ಟೋಬರಿನ ಕೊನೆಯ ಶುಕ್ರವಾರ ಆಯಾ ಪ್ರದೇಶದ ಉಸ್ತುವಾರಿಯವರು ಮೈಕಿನ ಮುಂದೆ ನಿಂತು, ತಮ್ಮಲ್ಲಿ ಇದು ಆಯಿತೋ ಇಲ್ಲವೋ ಹೇಳಬೇಕು.

ಎಲ್ಲರೂ ಊರಿನ ರಜೆ ಮುಗಿಸಿ ಬಂದ ಮೇಲೆ, ಸೆಪ್ಟೆಂಬರಿನ ಒಂದು ಶುಕ್ರವಾರ ಪೂಜೆಯಲ್ಲಿ ಟೀಚರ್ ಅದನ್ನು ಓದಿದರು. ಇಸ್ತ್ರಿ ಮಾಡಿದ ಹಸಿರು ಉಡುಪು, ಕಿವಿಯಲ್ಲಿ ಸಣ್ಣ ಮುತ್ತು. ಓದುವಾಗ ಬೆರಳು ಸಾಲಿನ ಕೆಳಗೆ ಸಾಗುತ್ತಿತ್ತು, ಮಕ್ಕಳಿಗೆ ತೋರಿಸುವ ಹಾಗೆ. ಜನ ಆಮೆನ್ ಎಂದರು. ಅಕ್ಕ ನನ್ನ ಪಕ್ಕದಲ್ಲಿದ್ದರು. ಅವರ ಆಮೆನ್ ಗಟ್ಟಿಯಾಗಿಯೇ ಇತ್ತು.

ಹೊರಗೆ ಪಾರ್ಕಿಂಗಿನಲ್ಲಿ ಟೀಚರ್ ನನ್ನನ್ನು ಹುಡುಕಿಕೊಂಡು ಬಂದರು.

"ಥುಮಾಮಾದ ಮೂರ್ತಿ ನಿಮ್ಮ ಹತ್ತಿರ ಅಲ್ಲವೇ? ನನ್ನ ಮನೆ ಸೇರಿಸಿಕೊಳ್ಳಿ."

"ಖಂಡಿತ" ಎಂದೆ.

ಕಾರಿನಲ್ಲಿ ಅಕ್ಕ ಎಂದರು, "ನಾವೇನು ಬಿಳಿಯರಾ ಮಾರಾಯ್ತಿ? ನಮಗೇ ಇಲ್ಲಿ ಒಂದೊಂದು ಕಡೆ ಒಂದೊಂದು ಮರ್ಯಾದೆ. ಈ ವಾಗ್ದಾನ ಎಲ್ಲ ಬಿಳಿಯರು ಮಾಡ್ಬೇಕಾದ್ದು."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸಂಬಳದಿಂದ ಹಿಡಿದು ಲಿಫ್ಟಿನಲ್ಲಿ ನಿಲ್ಲುವ ಜಾಗದವರೆಗೆ ನಮಗೂ ಅದು ಗೊತ್ತು. ನಾನು ಹೂಂ ಎಂದೆ.

ಮೂರ್ತಿಯ ಸರದಿಯನ್ನು ನಾವು ದಿನ ನೋಡಿ ಗೊತ್ತುಮಾಡುತ್ತಿದ್ದೆವು. ಆಸ್ಪತ್ರೆಯವರಿಗೆ ಡ್ಯೂಟಿ ಇಲ್ಲದ ದಿನ, ಮಕ್ಕಳಿದ್ದವರಿಗೆ ಪರೀಕ್ಷೆ ಇಲ್ಲದ ದಿನ. ಗುರುವಾರ ಸಂಜೆಗೆ ಎಲ್ಲರ ಕಣ್ಣು, ಮಾರನೆ ದಿನ ರಜೆಯಲ್ಲವೇ. ನಾನು ಒಬ್ಬೊಬ್ಬರಿಗೆ ಫೋನು ಮಾಡಿ ಕೇಳಿ, ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಿದ್ದೆ. ಆ ವರ್ಷವೂ ಹಾಗೆಯೇ ಮಾಡಿದೆ. ಟೀಚರಿಗೆ ಬುಧವಾರ ಅನುಕೂಲ. ಮಂಗಳವಾರ ಒಬ್ಬರು, ಗುರುವಾರ ಇನ್ನೊಬ್ಬರು, ಇಬ್ಬರೂ ಮೊದಲೇ ಒಪ್ಪಿದ್ದವರು. ಗುಂಪಿನಲ್ಲಿ ಹಾಕಿದ ಸ್ವಲ್ಪ ಹೊತ್ತಿಗೆ ಫೋನು ಬರಲು ಶುರುವಾಯಿತು.

"ಮಂಗಳವಾರ ಇವರಿಗೆ ಆಡಿಟ್ ಉಂಟಂತೆ. ನಮ್ಮದನ್ನು ತಿಂಗಳ ಕೊನೆಗೆ ಹಾಕಿ, ಆಯ್ತಾ?"

ಗುರುವಾರವನ್ನು ಹಟ ಹಿಡಿದು ತೆಗೆದುಕೊಂಡಿದ್ದ ಫಾರ್ಮಸಿಯವರ ಹೆಂಡತಿಯೂ ಮಾಡಿದಳು. ಗಂಡ ಔಷಧದಂಗಡಿಯಲ್ಲಿದ್ದಾನೆ, ಅವಳು ನನಗಿಂತ ಚಿಕ್ಕವಳು, ಮಾತಿನಲ್ಲಿ ಚುರುಕು.

"ನೋಡಿ, ನಂಗೇನೂ ಇಲ್ಲಪ್ಪ. ಆದರೆ ಇವರು ಒಂದು ನಮೂನೆ, ಗೊತ್ತುಂಟಲ್ಲ ನಿಮಗೆ. ಹೊಸಬರು ಮನೆಗೆ ಬಂದ್ರೆ ಮಾತೇ ಆಡುದಿಲ್ಲ. ಅವರಿಗೆ ಬೇಜಾರಾಗ್ಬಾರ್ದಲ್ಲ?"

"ಯಾರಿಗೆ?"

"ಅದೇ, ಅವರಿಗೆ. ಪಾಪ."

ಬೇರೆಯವರನ್ನು ಕೇಳಿದೆ. ಒಬ್ಬರಿಗೆ ಅಲ್ಲಿ ಪಾರ್ಕಿಂಗ್ ಸಿಗುವುದಿಲ್ಲ, ಒಬ್ಬರ ಮಕ್ಕಳು ಬೇರೆ ಊಟ ಮುಟ್ಟುವುದಿಲ್ಲ. ಟೀಚರ ಮನೆಗೆ ಮೂರ್ತಿ ಹೋಗಬಾರದು ಎಂದು ಒಬ್ಬರೂ ಹೇಳಲಿಲ್ಲ. ಹೋಗಲಿ, ಆದರೆ ತಮ್ಮ ಮನೆಯಿಂದ ಹೋಗುವುದು ಬೇಡ, ತಮ್ಮ ಮನೆಗೆ ಬರುವುದು ಬೇಡ.

ನಾನು ಜಗಳ ಕಲಿತವಳಲ್ಲ. ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದು ಹೊಲಿಗೆಯ ಗಂಟು ಹಿಂಬದಿಯಲ್ಲಿ ಉಳಿಯುವಂತೆ ಕಸೂತಿ ಹಾಕುವುದು. ಹಾಗೆಯೇ ಮಾಡಿದೆ. ಮಂಗಳವಾರ ನನ್ನ ಮನೆ, ಬುಧವಾರ ಟೀಚರ ಮನೆ, ಗುರುವಾರ ಮತ್ತೆ ನನ್ನ ಮನೆ. ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು.

ನನ್ನ ಗಂಡ ಫೋನು ನೋಡುತ್ತಾ, "ನಿಂಗೆ ಎರಡು ಸಲ ಅಡುಗೆ" ಎಂದರು.

"ಆಗ್ಲಿ."

"ಅಡುಗೆ ಅಲ್ಲ ನಾನು ಹೇಳಿದ್ದು. ಅವರಿಗೆ ಆಚೆಯೂ ನೀನೇ, ಈಚೆಯೂ ನೀನೇ."

ಅವರು ಅಷ್ಟು ಹೇಳಿ ಸ್ನಾನಕ್ಕೆ ಹೋದರು.

ಹೊಸ ಮನೆ ಸೇರಿದಾಗ ಉಸ್ತುವಾರಿಯವರು ಮೊದಲೊಮ್ಮೆ ಹೋಗಿ ಮೂರ್ತಿಯ ಜಾಗ ನೋಡಿಕೊಂಡು ಬರುವುದು ರೂಢಿ. ಏಸಿಯ ಗಾಳಿ ನೇರ ಬೀಳಬಾರದು, ಮೇಣದ ಬತ್ತಿ ಆರುತ್ತದೆ. ಹೊಗೆ ಕಂಡರೆ ಕೂಗುವ ಅಲಾರಂನ ಅಡಿಯಲ್ಲೂ ಆಗದು. ಕೂತವರ ಕಣ್ಣಿನ ಮಟ್ಟಕ್ಕೆ ಬರುವ ಮೇಜು ಬೇಕು. ಟೀಚರ ಫ್ಲಾಟಿನಲ್ಲಿ ಇವೆಲ್ಲ ಮೊದಲೇ ಸಿದ್ಧವಾಗಿದ್ದವು. ಗೋಡೆಯ ಪಕ್ಕ ಮೇಜು, ಅದರ ಮೇಲೆ ಹಳದಿ ಕೆಂಪು ಅಂಚಿನ ಬಟ್ಟೆ, ಅವರ ಅತ್ತೆ ಕಳಿಸಿದ್ದಂತೆ. ಬಟ್ಟೆಯ ಮಡಿಕೆಗಳು ನೇರ ಗೆರೆಯಲ್ಲಿದ್ದವು. ಚಹಾ ಕೊಟ್ಟು ಎದುರು ಕೂತರು.

"ಪಟ್ಟಿಯಲ್ಲಿ ಎಲ್ಲರ ಮನೆ ಒಂದೊಂದು ಸಲ ಇದೆ. ನಿಮ್ಮದು ಮಾತ್ರ ಎರಡು ಸಲ. ಅದೂ ನನ್ನ ಎರಡು ಬದಿಗೆ."

"ದಿನ ಹೊಂದಿಕೆಯಾಗಲಿಲ್ಲ" ಎಂದೆ.

"ಯಾರಿಗೂ?"

ನನ್ನ ಕೈಯಲ್ಲಿದ್ದ ಚಹಾ ಕಪ್ಪಿನ ಹಿಡಿ ಬಿಸಿಯಾಗಿತ್ತು. ಕೆಳಗಿಟ್ಟೆ.

"ಹಾಗಾದರೆ ನನ್ನ ಹೆಸರು ತೆಗೆಯಿರಿ" ಎಂದರು. ದನಿ ಏರಲಿಲ್ಲ. "ಮೂರ್ತಿ ನನಗೆ ಚರ್ಚಿನಲ್ಲಿ ಸಿಗುತ್ತದೆ. ಹಾಸಿಗೆಯ ಪಕ್ಕದಲ್ಲೂ ಒಂದಿದೆ. ನಾನು ಕೇಳಿದ್ದು ಎರಡು ಬದಿಯ ಎರಡು ಮನೆ. ಅದು ಆಗುವುದಿಲ್ಲವಾದರೆ ಆಗುವುದಿಲ್ಲ ಎಂದೇ ಆ ಶುಕ್ರವಾರ ಮೈಕಿನಲ್ಲಿ ಹೇಳಿ. ಆಯಿತು ಎಂದು ಮಾತ್ರ ಹೇಳಬೇಡಿ. ಆಮೇಲೆ ನಾವು ಈ ಚರ್ಚಿಗೆ ಬರುವುದು ಕಷ್ಟ."

ಲಿಫ್ಟಿನವರೆಗೆ ಬಂದು ಬೀಳ್ಕೊಟ್ಟರು. ಅವರ ಮಗಳು ಕೈ ಬೀಸಿದಳು.

ಮಾರನೆಯ ದಿನ ಫಾದರ್ ಬಳಿ ಹೋದೆ. ಅವರು ಎಲ್ಲ ಕೇಳಿದರು. "ಉಣ್ಣಲು ಹೋಗಿ ಎಂದು ನಾನು ಆಜ್ಞೆ ಮಾಡಲಾರೆನಮ್ಮ. ಮಾಡಿದರೆ ಅದು ಊಟವೇ ಅಲ್ಲ. ಮೂರ್ತಿ ನಿಮ್ಮ ಕೈಯಲ್ಲಿದೆ, ಕ್ರಮವೂ ನಿಮ್ಮ ಕೈಯಲ್ಲಿದೆ" ಎಂದರು.

ಕ್ರಮ ಎಂಬ ಮಾತನ್ನು ಹಿಡಿದುಕೊಂಡು ಮನೆಗೆ ಬಂದೆ. ಗಂಟು ಇದ್ದದ್ದು ದಿನಗಳಲ್ಲಿ. ದಿನ ಆಯ್ದುಕೊಳ್ಳಲು ಬಿಟ್ಟರೆ ನೆರೆಯವರನ್ನೂ ಆಯ್ದುಕೊಳ್ಳುತ್ತಾರೆ. ದಿನವನ್ನೇ ತೆಗೆದುಬಿಟ್ಟರೆ? ಆ ಶನಿವಾರ ಗಂಡನ ಜೊತೆ ಕಾರಿನಲ್ಲಿ ಥುಮಾಮಾದ ಬೀದಿ ಬೀದಿ ಸುತ್ತಿದೆ. ನಮ್ಮ ಬಳಗದ ಮನೆಗಳು ರಸ್ತೆಯಲ್ಲಿ ಯಾವ ಸಾಲಿನಲ್ಲಿ ಬರುತ್ತವೆ ಎಂದು ನೋಡುತ್ತಾ ಹೋದೆವು. ಹೆದ್ದಾರಿ ಕಡೆಯಿಂದ ಶುರು, ವಿಮಾನ ನಿಲ್ದಾಣದ ಕಡೆಗೆ ಕೊನೆ. ಮೂರ್ತಿ ಇನ್ನು ಆ ಸಾಲಿನಲ್ಲೇ ಹೋಗುವುದು. ಯಾರಿಗಾದರೂ ಡ್ಯೂಟಿಯೋ ಜ್ವರವೋ ಬಂದರೆ ಮೂರ್ತಿ ಇದ್ದಲ್ಲೇ ಇನ್ನೊಂದು ದಿನ ಕಾಯುತ್ತದೆ. ಕಾಯಬಹುದು, ಮನೆ ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ.

ಹೀಗೆ ಹೋದಾಗ ಟೀಚರ ಈಚೆ ಮನೆ ಅಕ್ಕನದು, ಆಚೆ ಮನೆ ಫಾರ್ಮಸಿಯವರದು. ಅಕ್ಕನ ವಿಲ್ಲಾದ ಹಿಂದಿನ ಗೇಟು ದಾಟಿದರೆ ಟೀಚರ ಕಟ್ಟಡ, ಕಾರೇ ಬೇಡ. ಅದನ್ನು ನಾನು ಬೇಕೆಂದು ಮಾಡಿದ್ದಲ್ಲ. ಆದರೆ ಕಾರಿನಲ್ಲಿ ಕೂತು ನೋಡಿದಾಗ, ಬೇರೆ ಯಾವ ಮನೆಯಾದರೂ ಆಗಬಹುದಿತ್ತಲ್ಲ ಎಂದು ನನಗೂ ಅನ್ನಿಸಿತು.

ಅಕ್ಟೋಬರಿಗೆ ಮುಂಚೆ ಮೂರ್ತಿಗೆ ಹೊಸ ಮುಸುಕು ತೊಡಿಸಲು ನಮ್ಮ ಮನೆಯಲ್ಲಿ ಹೆಂಗಸರು ಸೇರುತ್ತಾರೆ. ಟೀಚರನ್ನೂ ಕರೆದಿದ್ದೆ, ಮುಗಿಯುವ ಹೊತ್ತಿಗೆ ಬರುವೆನೆಂದಿದ್ದರು. ಲೇಸಿನ ಅಂಚು ಹೊಲಿಯುತ್ತಲೇ ಹೊಸ ಕ್ರಮವನ್ನು ಹೇಳಿದೆ.

"ಬೇಕಂತ್ಲೇ ಮಾಡಿದ್ದಾ ನೀನು?" ಎಂದರು ಅಕ್ಕ.

"ರಸ್ತೆ ಇರುವುದು ಹಾಗೆ ಅಕ್ಕ."

"ರಸ್ತೆ ಇಷ್ಟು ವರ್ಷ ಇರ್ಲಿಲ್ವಾ?"

ಯಾರೋ ನಕ್ಕರು. ಫಾರ್ಮಸಿಯವಳು ಕತ್ತರಿ ಕೆಳಗಿಟ್ಟಳು. "ನಮ್ಮ ಮನೆಗೆ ಯಾರು ಬರ್ಬೇಕು, ಯಾರು ಬರ್ಬಾರ್ದು ಅಂತ ನಾವು ಹೇಳ್ಲಿಕ್ಕಿಲ್ವಾ ಹಾಗಾದ್ರೆ?"

"ಮೂರ್ತಿ ಬೇಕಾದರೆ ಇಲ್ಲ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಹಾಗಾದ್ರೆ ಖಲಾಸ್. ನಮ್ಮನ್ನು ಬಿಡಿ." ಅವಳು ಚಪ್ಪಲಿ ಹಾಕಿಕೊಳ್ಳುತ್ತಿರುವಾಗಲೇ ಗುಂಪಿನಿಂದ ಹೊರಗೆ ಹೋದಳು, ಎಲ್ಲರ ಫೋನಿನಲ್ಲೂ ಅದು ಬಂತು. ಅವಳು ಇಳಿದುಹೋದ ಲಿಫ್ಟಿನಲ್ಲೇ ಟೀಚರ್ ಮೇಲೆ ಬಂದರು. ಅವರು ಸೂಜಿ ಕೇಳಿ ಪಡೆದು, ಲೇಸಿನ ಉಳಿದ ಅಂಚನ್ನು ಮುಗಿಸಿದರು. ಸಣ್ಣ, ಸಮನಾದ ಹೊಲಿಗೆ. ನಾನು ಹೊಸ ಸಾಲನ್ನು ಹೇಳಿದೆ. ಅಕ್ಕನ ಕಡೆ ನೋಡಿ ಅವರು ತಲೆಬಾಗಿಸಿದರು. ಅಕ್ಕ ಮುಸುಕಿನ ನೆರಿಗೆ ಸರಿಮಾಡುತ್ತಿದ್ದರು.

ಮೂರ್ತಿ ಹೊರಟಿತು. ಮೊದಲ ಮನೆಗಳಲ್ಲಿ ಸುಗಮ. ಹತ್ತಿರ ಹತ್ತಿರದ ಮನೆಗಳಾದ್ದರಿಂದ ಕಾರಿನಲ್ಲಿ ಕಳೆಯುವ ಹೊತ್ತು ಕಡಿಮೆಯಾಗಿ, ಊಟ ಬೇಗ ಮುಗಿಯುತ್ತಿತ್ತು. "ಮೊದ್ಲೇ ಹೀಗೆ ಮಾಡ್ಬಹುದಿತ್ತು" ಎಂದವರೂ ಇದ್ದರು. ಜಪಸರದ ಮಣಿಗಳು ಹತ್ತು ಹತ್ತರ ಗುಂಪು; ಒಂದೊಂದು ಹತ್ತನ್ನು ಒಂದೊಂದು ಭಾಷೆಯಲ್ಲಿ ಹೇಳುವುದು ನಮ್ಮ ಪದ್ಧತಿ: ಕೊಂಕಣಿ, ಕನ್ನಡ, ಇಂಗ್ಲಿಷ್. ಟೀಚರ್ ಆ ಮನೆಗಳಿಗೆ ಬರಲಿಲ್ಲ. ತಮ್ಮ ಸರದಿಯ ನಂತರ ಬರುವುದಾಗಿ ಹೇಳಿದ್ದರು.

ಅಕ್ಕನ ಮನೆಗೆ ಬಂದ ಮೂರ್ತಿ ಅಲ್ಲೇ ನಿಂತಿತು.

ಮೊದಲ ಸಂಜೆ ಸಾನ್ನಾಂ ಇಡ್ಲಿ, ಕೋಳಿ ರೊಟ್ಟಿ, ಎರಡು ಬಗೆಯ ಪಲ್ಯ; ಅಕ್ಕನ ಕೈರುಚಿಗೆ ನಾವು ಕಾದಿರುತ್ತೇವೆ. ಮಾರನೆಯ ಮಧ್ಯಾಹ್ನ ಗುಂಪಿನಲ್ಲಿ ಅವರ ಸಂದೇಶ: "ಅಂಕಲ್‌ಗೆ ಮೀಟಿಂಗ್, ಇವತ್ತು ಕೊಂಡುಹೋಗಲು ಆಗುವುದಿಲ್ಲ." ನಾನು ಉತ್ತರಿಸಿದೆ: "ಸರಿ ಅಕ್ಕ. ಹಾಗಾದರೆ ಇವತ್ತೂ ಜಪಸರ ನಿಮ್ಮಲ್ಲೇ." ನಿಯಮ ಅದೇ ತಾನೇ. ಎಲ್ಲರೂ ಹೋದೆವು. ಪುಲಾವ್ ಮತ್ತು ಸಲಾಡ್. ಅದರ ಮಾರನೆಯ ದಿನ ಮಂಡಿನೋವು. ಹೋಟೆಲಿನಿಂದ ತರಿಸಿದ ಕುಬ್ಬೂಸ್ ರೊಟ್ಟಿ, ಕಡಲೆ ಅರೆದ ಹಮ್ಮುಸ್.

"ಅಕ್ಕ, ನಾಳೆ ಎಂತ? ಬರೇ ಕರಕ್ ಚಾ ಆಗ್ಬಹುದಾ?" ಎಂದು ಒಬ್ಬರು ತಮಾಷೆ ಮಾಡಿದರು.

"ನಿಮಗೆ ಅದೂ ಜಾಸ್ತಿ" ಎಂದರು ಅಕ್ಕ. ನಗಲಿಲ್ಲ.

ಸಾಲಿನಲ್ಲಿ ಹಿಂದೆ ಇದ್ದವರು ನನಗೆ ಫೋನು ಮಾಡತೊಡಗಿದರು. ತಿಂಗಳು ಓಡುತ್ತಿದೆ, ನಮ್ಮ ಸರದಿ ಯಾವಾಗ? ನೀನೇ ಹೋಗಿ ತಂದು ಮುಂದಕ್ಕೆ ಕೊಟ್ಟುಬಿಡು, ಇಷ್ಟು ಸಣ್ಣದಕ್ಕೆ ಯಾಕೆ ಇಷ್ಟು? ಟೀಚರ್ ಮಾತ್ರ ಏನೂ ಕೇಳಲಿಲ್ಲ.

ಆ ಸಂಜೆ ಪಾತ್ರೆ ಒಳಗಿಡುವ ನೆವದಲ್ಲಿ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದರು. ಬಾಗಿಲು ಅರ್ಧ ಮುಚ್ಚಿದರು.

"ನೋಡು, ನಿನ್ನ ಕಾರು ಹೊರಗೆ ಉಂಟು. ಇವತ್ತೇ ತಕ್ಕೊಂಡು ಹೋಗು. ನಿನ್ನಲ್ಲಿ ಒಂದು ರಾತ್ರಿ ಇಡು, ನಾಳೆ ಅವಳಿಗೆ ಕೊಡು. ಯಾರಿಗೂ ಎಂತ ಗೊತ್ತಾಗ್ತದೆ?"

"ಅಕ್ಕ, ನೀವು ಅವರಲ್ಲಿಗೆ ಯಾಕೆ ಹೋಗುದಿಲ್ಲ?"

ಅವರು ನಲ್ಲಿ ತಿರುಗಿಸಿ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದರು. "ಹೋಗಿ ಇವರು ಅವಳ ಎದುರು ಕೂತು ಹೇಗೆ ಉಣ್ಣುದು? ಅವತ್ತು ಎಬ್ಬಿಸಿದ್ದು ಇವರು. ಅವಳು ತಟ್ಟೆ ಕೊಡುವಾಗ ಇವರು ಮುಖ ಎಲ್ಲಿ ಇಡುದು? ಈ ವಯಸ್ಸಿಗೆ ಬೇಕಾ ಇವರಿಗೆ ಇದೆಲ್ಲ?"

ಚೀಲವೂ ಟವೆಲ್ಲೂ ಅಡುಗೆಮನೆಯ ಸ್ಟೂಲಿನ ಮೇಲೆ ಮಡಚಿಟ್ಟಿದ್ದವು. ಅವರು ಸಿದ್ಧ ಮಾಡಿಯೇ ಕರೆದಿದ್ದರು. ಒಯ್ದುಬಿಟ್ಟರೆ ಎಲ್ಲರಿಗೂ ಬಿಡುಗಡೆ. ಅಕ್ಕ ನನ್ನ ಬಾಣಂತನದಲ್ಲಿ ತಿಂಗಳಿಡೀ ನನಗೆ ಗಂಜಿ ಕಾಸಿ ತಂದವರು.

"ನಾನು ಒಯ್ಯುದಿಲ್ಲ ಅಕ್ಕ" ಎಂದೆ. "ಎಷ್ಟು ದಿನವಾದರೂ ಇರಲಿ. ನಾವು ದಿನಾ ಬರ್ತೇವೆ."

"ನಿಂಗೆ ಹೃದಯ ಇಲ್ಲ."

ಮನೆಗೆ ಬರುವ ದಾರಿಯಲ್ಲಿ ಟೀಚರಿಗೆ ಒಂದು ಸಂದೇಶ ಕಳಿಸಿದೆ. ಮೂರ್ತಿ ಇರುವ ಮನೆಯ ಜಪಸರಕ್ಕೆ ಬಳಗದವರು ಯಾರೂ ಬರಬಹುದು ಎಂದಷ್ಟೇ. ಬನ್ನಿ ಎಂದು ಬರೆಯಲಿಲ್ಲ.

ಮರುದಿನ ಸಂಜೆ ಅವರು ಬಂದರು. ಗಂಡ, ಮಗಳು, ಅವರು. ಅಕ್ಕನ ಹಿಂದಿನ ಗೇಟಿನಿಂದ ನಡೆದೇ ಬಂದರು. ಕಾರಿಡಾರಿನಲ್ಲಿ ಚಪ್ಪಲಿಗಳ ಸಾಲಿನ ಕೊನೆಗೆ ತಮ್ಮ ಚಪ್ಪಲಿಗಳನ್ನು ಜೋಡಿಸಿಟ್ಟು ಒಳಗೆ ಬಂದು ಕೂತರು. ಅಕ್ಕ "ಬನ್ನಿ" ಎಂದರು. ಮನೆಯೊಳಗೆ ಬಂದವರಿಗೆ ಬನ್ನಿ ಎನ್ನದೆ ಇರುವುದು ಅವರಿಗೆ ಬಾರದು. ನಾಲ್ಕನೆಯ ಹತ್ತನ್ನು ಟೀಚರ್ ಸ್ವಾಹಿಲಿಯಲ್ಲಿ ಹೇಳಿದರು. "ಸಲಾಮು ಮರಿಯಾ" ಎಂದು ಅವರು ಶುರು ಮಾಡಿದಾಗ ನಾವು ಉತ್ತರಾರ್ಧವನ್ನು ನಮ್ಮ ನಮ್ಮ ಭಾಷೆಯಲ್ಲಿ ಹೇಳಿದೆವು. ಬೇರೆ ಬೇರೆ ಹೊತ್ತಿಗೆ ಮುಗಿಯುತ್ತಿತ್ತು. ಅವರು ಕೊನೆಯವರು ಮುಗಿಸುವವರೆಗೆ ಕಾದು ಮುಂದಿನದನ್ನು ಎತ್ತುತ್ತಿದ್ದರು.

ನಮ್ಮಲ್ಲಿ ಮನೆಯ ಯಜಮಾನ ತಾನೇ ತಟ್ಟೆ ಹಂಚಬೇಕು. ಬ್ಯಾಂಕ್ ಅಂಕಲ್ ಒಂದೊಂದೇ ತಟ್ಟೆ ಕೊಡುತ್ತಾ ಬಂದರು. ಟೀಚರ ಎದುರು ಬಂದಾಗ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಇಂಗ್ಲಿಷಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಮಾತಾಡುವಂತೆ, "ಮೇಡಂ, ಆ ಬೆಂಚಿಗೆ ರಿಸರ್ವೇಶನ್ ಇರಲಿಲ್ಲ" ಎಂದರು.

"ಗೊತ್ತು" ಎಂದರು ಟೀಚರ್.

"ಅವತ್ತೂ ಗೊತ್ತಿತ್ತೇ?"

"ಅವತ್ತೂ ಗೊತ್ತಿತ್ತು."

ಟೀಚರ್ ತಟ್ಟೆ ತೆಗೆದುಕೊಂಡರು. "ಮೂರು ರಾತ್ರಿಯಿಂದ ಬೀನ್ಸ್ ನೆನೆಸುತ್ತಿದ್ದೇನೆ, ನಾವೇ ತಿನ್ನುತ್ತಿದ್ದೇವೆ. ನನ್ನ ಮಗಳು ಇನ್ನು ಬೀನ್ಸ್ ಮುಟ್ಟುವುದಿಲ್ಲವಂತೆ. ನಾಳೆ ಬರುತ್ತೀರಾ ಇಲ್ಲವಾ, ಇವತ್ತೇ ಹೇಳಿ."

ಅಂಕಲ್ ಅಕ್ಕನನ್ನು ನೋಡಿದರು. ಅಕ್ಕ ಪಾತ್ರೆಯೊಳಗೆ ಸೌಟು ಬಿಟ್ಟು, "ಎಷ್ಟು ಗಂಟೆಗೆ ಬರ್ಬೇಕು, ಕೇಳಿ" ಎಂದರು.

ಮಾರನೆಯ ಸಂಜೆ ನಾನು ಟೀಚರ ಮನೆಗೆ ಹೋಗಲಿಲ್ಲ. ಹೋದರೆ ಎರಡೂ ಕಡೆಯವರು ನನ್ನ ಜೊತೆಗೇ ಮಾತಾಡಿ ಮುಗಿಸುತ್ತಾರೆ. ಅಕ್ಕ ಮೂರ್ತಿಯನ್ನು ಎದೆಗವಚಿಕೊಂಡು, ಅಂಕಲ್ ಕಿರೀಟದ ಡಬ್ಬಿ ಹಿಡಿದು, ಹಿಂದಿನ ಗೇಟಿನಿಂದ ನಡೆದು ಹೋದರಂತೆ. ಊಟವಾದ ಮೇಲೆ ಅಕ್ಕನ ಫೋನು ಬಂತು.

"ಮುಟ್ಟಿಸಿದೆವು. ಅವಳ ಚಪಾತಿ ನಮ್ಮದಕ್ಕಿಂತ ದಪ್ಪ. ಇವರು ಎರಡು ಹಾಕಿಸಿಕೊಂಡ್ರು." ಆಮೇಲೆ, "ನಿನ್ನ ಮೇಲೆ ಸಿಟ್ಟು ಹೋಗ್ಲಿಲ್ಲ ನಂಗೆ, ಗೊತ್ತಾಯ್ತಾ?" ಎಂದರು.

"ಆಯ್ತು ಅಕ್ಕ."

ಇಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಫಾರ್ಮಸಿಯವರು ಬಿಟ್ಟುಹೋದದ್ದರಿಂದ, ಸಾಲಿನಲ್ಲಿ ಅವರ ನಂತರದ ಮನೆಗೆ ಮೂರ್ತಿ ಮರುದಿನ ಹೋಗುವುದೆಂದು ಹಾಕಿದ್ದೆ. ಮಧ್ಯಾಹ್ನ ಟೀಚರ್ ಫೋನು ಮಾಡಿದರು.

"ನಾನು ರಸ್ತೆಯಲ್ಲಿ ನಡೆದು ನೋಡಿದೆ. ನನ್ನ ಆಚೆ ಮನೆ ಫಾರ್ಮಸಿಯವರದು."

"ಅವರು ಗುಂಪು ಬಿಟ್ಟರಲ್ಲ."

"ಗುಂಪು ಬಿಟ್ಟರು. ಮನೆ ರಸ್ತೆ ಬಿಟ್ಟು ಹೋಗಿದೆಯೇ? ಮನೆ ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ ಎಂದವರು ನೀವು."

"ಅವರು ಬಾಗಿಲು ತೆರೆಯದಿದ್ದರೆ?"

"ತೆರೆಯುವವರೆಗೆ ನನ್ನ ಮನೆಯಲ್ಲಿರುತ್ತದೆ. ನಿಯಮ ಅದೇ ಅಲ್ಲವೇ?"

ಟೀಚರ್ ಪ್ರತಿ ಸಂಜೆ ಮೂರ್ತಿಯ ಚೀಲ ಹಿಡಿದು ಹೋಗಿ ಫಾರ್ಮಸಿಯವರ ಫ್ಲಾಟಿನ ಬೆಲ್ ಒತ್ತಿದರು. ಮೊದಲ ಸಂಜೆ ಯಾರೂ ತೆರೆಯಲಿಲ್ಲ. ಎರಡನೆಯ ಸಂಜೆ ಬಾಗಿಲ ಕಣ್ಣಿನಲ್ಲಿ ನೆರಳಾಡಿತಂತೆ. ಇನ್ನೊಂದು ಸಂಜೆ ಗಂಡ ಬಾಗಿಲು ಸ್ವಲ್ಪ ತೆರೆದು, "ಮೇಡಂ, ನಾವು ಗುಂಪಿನಲ್ಲಿಲ್ಲ" ಎಂದ. "ಗೊತ್ತು. ನಾಳೆ ಬರುತ್ತೇನೆ" ಎಂದು ಇವರು ವಾಪಸಾದರು. ಪ್ರತಿ ಸಂಜೆ ಜಪಸರ ಟೀಚರ ಮನೆಯಲ್ಲಿ. ಊಟವೂ ಅಲ್ಲೇ. ಪಾರ್ಕಿಂಗ್ ಸಿಗದವರು ಬಂದರು, ಮಕ್ಕಳು ಬೇರೆ ಊಟ ಮುಟ್ಟದವರೂ ಮಕ್ಕಳನ್ನು ಕರೆದುಕೊಂಡೇ ಬಂದರು. ಸಾಲಿನಲ್ಲಿ ಹಿಂದೆ ಇದ್ದವರಿಗೆ ಬೇರೆ ದಾರಿಯೇ ಇರಲಿಲ್ಲ. ಒಂದು ಸಂಜೆ ಅಕ್ಕ ಟೀಚರ ಅಡುಗೆಮನೆಗೆ ನುಗ್ಗಿ, "ದಿನಾ ನೀನೊಬ್ಬಳೇ ಮಾಡುದಾ? ಸರಿ ಆಚೆ" ಎಂದು ಈರುಳ್ಳಿ ಹೆಚ್ಚಲು ಕೂತರು. ಟೀಚರಿಗೆ ಮಾತು ಅರ್ಥವಾಗಲಿಲ್ಲ, ಚಾಕು ಕೊಟ್ಟರು.

ಹೀಗಿರುವಾಗ ಅಕ್ಟೋಬರಿನ ಕೊನೆಯ ಶುಕ್ರವಾರ ಬಂದೇ ಬಿಟ್ಟಿತು.

ಪೂಜೆಯ ಕೊನೆಗೆ ಉಸ್ತುವಾರಿಯವರನ್ನು ಒಬ್ಬೊಬ್ಬರಾಗಿ ಕರೆದರು. ಆಯಿತು, ಚೆನ್ನಾಗಿ ಆಯಿತು, ದೇವರ ದಯದಿಂದ ಆಯಿತು. ಜನ ಚಪ್ಪಾಳೆ ತಟ್ಟಿದರು. ನನ್ನ ಸರದಿ ಬಂದಾಗ ಮೈಕು ನನ್ನ ಎತ್ತರಕ್ಕಿಂತ ಮೇಲಿತ್ತು. ಫಾದರ್ ತಾವೇ ಬಂದು ತಗ್ಗಿಸಿದರು.

"ಥುಮಾಮಾದಲ್ಲಿ ಇನ್ನೂ ಮುಗಿದಿಲ್ಲ" ಎಂದೆ. "ಮೂರ್ತಿ ಒಂದು ಮನೆಯಲ್ಲಿ ತಡವಾಯಿತು. ಈಗ ಇನ್ನೊಂದು ಮನೆಯ ಬಾಗಿಲು ತೆರೆಯಲು ಕಾಯುತ್ತಿದೆ. ಹಲವು ಮನೆಗಳು ಬಾಕಿ ಇವೆ. ತಿಂಗಳು ಮುಗಿದರೂ ನಾವು ನಿಲ್ಲಿಸುವುದಿಲ್ಲ."

ಚಪ್ಪಾಳೆ ಬರಲಿಲ್ಲ. ಎಲ್ಲಿ ತಟ್ಟಬೇಕೆಂದು ಯಾರಿಗೂ ತಿಳಿಯಲಿಲ್ಲವೇನೋ. ನನ್ನ ಜಾಗಕ್ಕೆ ಹಿಂತಿರುಗುವಾಗ ಟೀಚರ ಕುಟುಂಬ ಕಂಡಿತು, ಮಧ್ಯದ ಒಂದು ಬೆಂಚಿನಲ್ಲಿ. ಅವರ ಪಕ್ಕದಲ್ಲಿ ಅಕ್ಕ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಜನರನ್ನು ಕೂರಿಸುವ ಕೆಲಸ ಅವತ್ತೂ ಅಂಕಲ್‌ದೇ; ಅವರು ಬಾಗಿಲಲ್ಲಿ ನಿಂತಿದ್ದರು.

ಮನೆಗೆ ಬಂದು ಅನ್ನಕ್ಕೆ ಇಟ್ಟಿದ್ದೆ, ಫೋನು ಬಂತು. ಫಾರ್ಮಸಿಯವಳು. ಎಷ್ಟೋ ವಾರಗಳ ನಂತರ.

"ಚರ್ಚಿನಲ್ಲಿ ನೀವು ಹೇಳಿದ ಬಾಗಿಲು ನಮ್ಮದು ಅಂತ ಎಲ್ಲರಿಗೂ ಗೊತ್ತಾಯ್ತಾ?"

"ನಾನು ಹೆಸರು ಹೇಳಲಿಲ್ಲ."

"ಹೇಳ್ಲಿಲ್ಲ, ಕೇಳಿದೆ." ಹಿಂದಿನಿಂದ ಗಂಡ ಏನೋ ಅಂದದ್ದು ಕೇಳಿಸಿತು. ಅವಳು ಫೋನಿಗೆ ಕೈ ಅಡ್ಡ ಹಿಡಿದು ಅವನಿಗೆ ಉತ್ತರ ಕೊಟ್ಟಳು, ಮತ್ತೆ ಬಂದಳು. "ಇವತ್ತೂ ಬರ್ತಾರಾ ಅವರು, ಬೆಲ್ ಮಾಡ್ಲಿಕ್ಕೆ?"

"ಬರ್ತಾರೆ."

"ದಿನಾ ಅಲ್ಲಿ ಎಷ್ಟು ಜನ ಆಗ್ತಾರೆ ಊಟಕ್ಕೆ?"

"ಯಾಕೆ?"

"ಯಾಕೆ ಅಂದ್ರೆ? ಕೋಳಿ ಎಷ್ಟು ತರ್ಬೇಕು ಅಂತ ಇವರು ಅಂಗಡಿಗೆ ಹೊರಟು ನಿಂತು ಕೇಳ್ತಾರೆ, ನಾನೆಂತ ಹೇಳುದು ಅವರಿಗೆ?"

ನಾನು ಒಲೆ ಸಣ್ಣ ಮಾಡಿ, ಬರುವವರನ್ನು ಒಬ್ಬೊಬ್ಬರಾಗಿ ಎಣಿಸತೊಡಗಿದೆ. ಟೀಚರ ಮನೆಯ ಮೂವರಿಂದ ಶುರು ಮಾಡಿದೆ.